ನಡುಗಂಬಿಯ ಕುಂಕುಮ

ನಾನು ಚಡ್ಡಿಯ ಗುಂಡಿಯನ್ನು ಅಕ್ಕನ ಕೈಲಿ ಹಾಕಿಸಿಕೊಳ್ಳುವಷ್ಟು ಚಿಕ್ಕವನಿದ್ದಾಗ, ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ದೀಪಾವಳಿಗೆ ಇನ್ನೊಂದು ವಾರವಿರುವ ಭಾನುವಾರ, ಕರೆಂಟಿನಲ್ಲಿ ಓಡುವ ಆಟದ ರೈಲೊಂದು ಶಿವಮೊಗ್ಗ ಪೇಟೆಯ ಅಂಗಡಿಗೆ ವಾಪಸು ಬಂತು. ಓಡುವುದಿಲ್ಲ ಎಂದು ಅದನ್ನು ವಾಪಸು ತಂದವರು ನಮ್ಮ ಮಾವ, ಎಂದರೆ ಅಮ್ಮನ ಅಣ್ಣ. ಅದನ್ನು ಪರೀಕ್ಷೆ ಮಾಡಿ ನೋಡಿದವಳು ನಮ್ಮ ಅಕ್ಕ. ಸ್ವಲ್ಪ ಹೊತ್ತಿನಲ್ಲಿ ಅದೇ ರೈಲು ಅದೇ ಅಂಗಡಿಯಲ್ಲಿ ಓಡಿತು. ಆಮೇಲೆ ಅಕ್ಕ, ಮಾವ ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಮಕ್ಕಳೇ. ನಾನು ಕಣ್ಣಾರೆ ಕಂಡದ್ದೇ ಇದರಲ್ಲಿ ಹೆಚ್ಚು. ಬೇರೆಯವರಿಂದ ಕೇಳಿದ್ದಾದರೆ ಹಾಗೆಂದೇ ಹೇಳುತ್ತೇನೆ.

ನಮ್ಮ ಮನೆ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯ ಕೆಲಸಗಾರರ ಸಾಲುಮನೆಗಳಲ್ಲಿ ಒಂದು. ಅಪ್ಪ ಕಾರ್ಖಾನೆಯ ಕರೆಂಟಿನ ವಿಭಾಗದಲ್ಲಿದ್ದರು. ಬೆಳಿಗ್ಗೆ ಎದ್ದರೆ ಮೂಗಿಗೆ ಮೊದಲು ಬರುತ್ತಿದ್ದದ್ದು ಇದ್ದಿಲಿನ ವಾಸನೆ. ಬಿಸಿಲಿಗೆ ಹಾಕಿದ ಬಿಳಿ ಪಂಚೆಯ ಮೇಲೆ ಸಂಜೆಯೊಳಗೆ ಸಣ್ಣ ಸಣ್ಣ ಕರಿ ಚುಕ್ಕೆಗಳು ಕೂರುತ್ತಿದ್ದವು. ಅಮ್ಮ ಅದನ್ನು ಎರಡು ಸಲ ಒದರಿ ಮಡಿಸುತ್ತಿದ್ದರು. ಅಕ್ಕ ಮಿಡ್ಲ್ ಸ್ಕೂಲ್ ಮುಗಿಸಿದ್ದಳು. ಅವಳು ಮುಂದೆ ಓದಬೇಕಾದರೆ ಶಿವಮೊಗ್ಗಕ್ಕೇ ಹೋಗಬೇಕಿತ್ತು. ಹಾಗಾಗಿ ಅವಳನ್ನು ದುರ್ಗಿಗುಡಿಯಲ್ಲಿದ್ದ ಮಾವನ ಮನೆಯಲ್ಲಿ ಬಿಟ್ಟಿದ್ದರು. ಓದಬೇಕೆಂಬುದು ಅವಳ ಒಬ್ಬಳ ಹಟ. ಅಪ್ಪ ಒಪ್ಪಿದ್ದರು, ಅಮ್ಮ ಅಣ್ಣನನ್ನು ಒಪ್ಪಿಸಿದ್ದರು.

ಮಾವನದು ಬೆಲ್ಲದ ಮಂಡಿ. ಅವರ ಅಂಗಿಯಲ್ಲಿ, ಕೈಯಲ್ಲಿ, ಅವರು ಕೂತು ಎದ್ದ ಚಾಪೆಯಲ್ಲಿ ಕೂಡ ಬೆಲ್ಲದ ವಾಸನೆ. ನಮ್ಮ ಮನೆಗೂ ಹಬ್ಬಕ್ಕೆ ಅಲ್ಲಿಂದಲೇ ಅಚ್ಚು ಬೆಲ್ಲ ಬರುತ್ತಿತ್ತು. ಮಾವನಿಗೆ ದೇವರು ದಿಂಡರಲ್ಲಿ ಬಹಳ ಭಕ್ತಿ. ಒಮ್ಮೆ ಇಟ್ಟ ಕುಂಕುಮವನ್ನು ಒರೆಸಬಾರದು, ಅದು ತಾನಾಗಿ ಉದುರಬೇಕು ಎಂಬುದು ಅವರ ಮನೆಯ ನಡವಳಿಕೆ. ಮಂಡಿಯ ದೊಡ್ಡ ತಕ್ಕಡಿಯ ಮೇಲೆ ವರ್ಷ ವರ್ಷದ ಕುಂಕುಮ ಪದರ ಪದರವಾಗಿ ಕೂತು ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೆ ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಕೆರೆದದ್ದಕ್ಕೆ ಒಂದು ಸಲ ನನ್ನ ತಲೆಗೆ ಮೊಟಕಿದ್ದರು.

ನವರಾತ್ರಿಗೆ ಮುಂಚೆ ಮಾವ ತಮ್ಮ ಮಗನಿಗೆ ಆ ರೈಲು ತಂದರು. ಅವನು ನನಗಿಂತ ಎರಡು ವರ್ಷ ಚಿಕ್ಕವನು. ಪೇಟೆಯಲ್ಲಿ ಸೈಕಲ್, ಗ್ರಾಮಫೋನ್, ಆಟದ ಸಾಮಾನು ಮಾರುತ್ತಿದ್ದ ಸಾಹೇಬರ ಅಂಗಡಿಗೆ ಅದು ಬೊಂಬಾಯಿಯಿಂದ ಬಂದಿತ್ತು. ದುರ್ಗಿಗುಡಿಯಲ್ಲಿ ಕರೆಂಟಿನ ದೀಪವಿದ್ದ ಮನೆಗಳೇ ಆಗ ಕಡಮೆ. ಕರೆಂಟಿನ ರೈಲು ಇನ್ನೊಬ್ಬರ ಮನೆಯಲ್ಲಿರಲಿಲ್ಲ. ಮಾವನಿಗೆ ಬೇಕಾಗಿದ್ದದ್ದೂ ಅದೇ.

ಜೋಡಿಸಿಕೊಡಲು ಸಾಹೇಬರೇ ಮನೆಗೆ ಬಂದರಂತೆ. ಇದು ಅಕ್ಕ ಹೇಳಿದ್ದು. ಹಸಿರು ಎಂಜಿನ್ನು, ಮೂರು ಡಬ್ಬಿ, ಗೋಡೆಯ ಕರೆಂಟನ್ನು ಮಕ್ಕಳು ಮುಟ್ಟುವಷ್ಟು ತಗ್ಗಿಸುವ ಒಂದು ಕಪ್ಪು ಪೆಟ್ಟಿಗೆ, ಅದಕ್ಕೊಂದು ಹಿಡಿಕೆ. ಸುತ್ತಾಗಿ ಜೋಡಿಸುವ ಕಂಬಿಗಳು ಎರಡಲ್ಲ, ಮೂರು ಸಾಲು. ಹೊರಗಿನ ಎರಡರ ಮೇಲೆ ಚಕ್ರ ಓಡುತ್ತದೆ. ನಡುವಿನದರಲ್ಲಿ ಕರೆಂಟು ಹರಿಯುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗೆ ನಾಲಿಗೆಯಂಥ ಸಣ್ಣ ಲೋಹದ ಪಟ್ಟಿ ಇರುತ್ತದೆ. ಅದು ನಡುಗಂಬಿಯನ್ನು ಸವರಿಕೊಂಡು ಹೋಗುತ್ತ ಕರೆಂಟನ್ನು ಎತ್ತಿಕೊಳ್ಳುತ್ತದೆ.

ಅದು ಕಲಿಯುವ ಮಕ್ಕಳಿಗೆಂದೇ ಮಾಡಿದ ರೈಲು. ಅಂಥದ್ದರ ಗುಣ ನೋಡುವುದು ಹೇಗೆಂದು ಸಾಹೇಬರು ಅಕ್ಕನಿಗೆ ಅವತ್ತು ಹೇಳಿಕೊಟ್ಟರು. ಎಂಜಿನ್ನನ್ನು ಅಂಗೈ ಮೇಲೆ ಮಗುಚಿ ಚಕ್ರ ತಿರುಗಿಸಬೇಕು, ಓಲಾಡಬಾರದು. ಕಂಬಿಯ ನೇರ ತುಂಡನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಲ್ಲಿ ನೋಡಬೇಕು, ಡೊಂಕಿರಬಾರದು. ಎರಡು ತುಂಡು ಕೂಡಿಸಿ ಒಂದನ್ನು ಎತ್ತಿದರೆ ಇನ್ನೊಂದು ಕಳಚಿ ಬೀಳಬಾರದು. ಕಪ್ಪು ಪೆಟ್ಟಿಗೆ ಕೈಗೆ ಬೆಚ್ಚಗಿರಬೇಕು, ಸುಡಬಾರದು. ಇಷ್ಟೆಲ್ಲ ಆದ ಮೇಲೆ ಕೊನೆಯದು. “ಜೋರಾಗಿ ಓಡಿಸಿ ನೋಡಬೇಡ ಬೇಟಿ. ಜೋರಾಗಿ ಎಂಥ ಕಚಡಾ ಎಂಜಿನ್ನೂ ಓಡ್ತದೆ. ನಿಧಾನಕ್ಕೆ ಓಡಿಸು. ಇರುವೆ ಹೋದಂಗೆ ಹೋಗಿ ಎಲ್ಲೂ ನಿಲ್ಲದೆ ಒಂದು ಸುತ್ತು ಬಂದ್ರೆ ಅದು ಅಸಲಿ ಮಾಲು.”

ದಸರಾ ರಜೆಗೆ ನಾನು ಮಾವನ ಮನೆಗೆ ಹೋದಾಗ ಅಕ್ಕ ನನಗೆ ಅದನ್ನು ಮಾಡಿ ತೋರಿಸಿದಳು. ನಡುಮನೆಯ ಕೆಂಪು ನೆಲದ ಮೇಲೆ ಹೊಟ್ಟೆ ಊರಿ ಮಲಗಿ ನೋಡಿದೆ. ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎಂಜಿನ್ನು ಮುಲುಗಿ, ಹೊರಟು, ಚಕ್ರದ ಒಂದೊಂದು ಕಡ್ಡಿಯನ್ನೂ ಎಣಿಸಬಹುದಾದಷ್ಟು ನಿಧಾನವಾಗಿ ಸುತ್ತು ಬಂದು, ಹೊರಟಲ್ಲಿಗೇ ಮುಟ್ಟಿತು. ಬಿಸಿ ಎಣ್ಣೆಯ ಒಂದು ಸಣ್ಣ ವಾಸನೆ ಬರುತ್ತಿತ್ತು. ಮಾವನ ಮಗ ಪಕ್ಕದಲ್ಲಿ ಮಲಗಿ, “ಜೋರಾಗಿ ಬಿಡು ಮಾರಾಯ್ತಿ” ಎಂದು ಪೀಡಿಸುತ್ತಿದ್ದ. ಅವನಿಗೂ ಅಕ್ಕ ಎಂದರೆ ಇಷ್ಟ.

ಆಯುಧಪೂಜೆಯ ದಿನ ಮಾವ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮಂಡಿಯ ತೂಕದ ಬಟ್ಟುಗಳನ್ನು, ಈಳಿಗೆಮಣೆಯನ್ನು, ಸೈಕಲ್ಲನ್ನು ಸಾಲಾಗಿ ಇಟ್ಟು ಪೂಜೆಗೆ ಕೂತರು. ಸಾಲಿನ ಕೊನೆಗೆ ರೈಲು. ಕಬ್ಬಿಣದ ಸಾಮಾನಿಗೆಲ್ಲ ಮೊದಲು ಕೊಬ್ಬರಿ ಎಣ್ಣೆ ಸವರಿದರು. ರೈಲಿನ ಚಕ್ರಗಳಿಗೂ ಸವರಿದರು, ಹೊಟ್ಟೆಯ ಕೆಳಗೂ ಸವರಿದರು. ಎಂಜಿನ್ನಿನ ನೆತ್ತಿಗೆ ಕುಂಕುಮ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅರಿಸಿನ ಕುಂಕುಮವನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಉಂಗುರದ ಬೆರಳಿನಿಂದ, ಬೈತಲೆಗೆ ಇಡುವ ಹಾಗೆ ನಡುಗಂಬಿಯ ಉದ್ದಕ್ಕೂ ಒತ್ತಾಗಿ ಬೊಟ್ಟು ಇಟ್ಟುಕೊಂಡು ಹೋದರು. ಸುತ್ತು ಪೂರ್ತಿಯಾಯಿತು. ಆಮೇಲೆ ಬೇಳೆಗಾತ್ರದ ನಿಂಬೆಯ ಹೋಳೊಂದನ್ನು ಚಕ್ರದ ಕೆಳಗಿಟ್ಟು ಎಂಜಿನ್ನನ್ನು ಅಂಗೈಯಿಂದ ಒತ್ತಿ ಮುಂದೆ ಹಿಂದೆ ಆಡಿಸಿದರು. ನೋಡಲು ಬಹಳ ಚೆನ್ನಾಗಿತ್ತು. ಅಕ್ಕ ಒಂದು ಸಲ, “ಮಾವ, ನಡುವಿನ ಕಂಬಿಗೆ ಬೇಡ” ಎಂದಳು. ಮಾವ ಮಂತ್ರ ಹೇಳುತ್ತಿದ್ದರು. ಕಣ್ಣಲ್ಲೇ ಸುಮ್ಮನಿರಿಸಿದರು.

ಸಂಜೆ ಮಂಡಿಯವರು, ಬೀದಿಯವರು ಎಲ್ಲ ಬಂದು ಕೂತರು. ಕೋಸಂಬರಿ, ಪಾನಕ ಆಯಿತು. ಮಾವ ಹಿಡಿಕೆ ತಿರುಗಿಸಿದರು. ಕಪ್ಪು ಪೆಟ್ಟಿಗೆ ಗುಂಯ್‌ಗುಟ್ಟಿತು. ರೈಲು ಕದಲಲಿಲ್ಲ. ಇನ್ನಷ್ಟು ತಿರುಗಿಸಿದರು. ಕೈಯಿಂದ ತಳ್ಳಿದರು. ತಳ್ಳಿದಷ್ಟೇ ಹೋಗಿ ನಿಂತಿತು. ಯಾರೋ ಎತ್ತಿಗೆ ಹುಲ್ಲು ಹಾಕಿಲ್ಲವೇನೋ ಎಂದರು. ನಗು ಎದ್ದಿತು.

ಅಕ್ಕ ಸರ್ರನೆ ಮುಂದೆ ಬಗ್ಗಿ, ಲಂಗದ ಅಂಚಿನಿಂದ ನಡುಗಂಬಿಯನ್ನು ಒರೆಸಲು ಕೈ ನೀಡಿದಳು. ಅತ್ತೆ ಆ ಕೈಯನ್ನು ಹಿಡಿದುಕೊಂಡು, ಹಬ್ಬದ ದಿನ ಕುಂಕುಮಕ್ಕೆ ಕೈ ಹಾಕುತ್ತಾಳೆ ಎಂದು ಹಿಂದಕ್ಕೆ ಎಳೆದರು. ಆಗ ಮಾವ ಅವಳ ಕಡೆ ತಿರುಗಿದರು. ನಗುತ್ತಿದ್ದವರ ಕಣ್ಣುಗಳನ್ನು ತಮ್ಮ ಮೇಲಿಂದ ಬೇರೆ ಕಡೆ ದಾಟಿಸಲು ಅವರಿಗೆ ಒಬ್ಬರು ಬೇಕಿತ್ತು.

“ಇವಳದ್ದೇ ಕೆಲಸ. ಕಬ್ಬಿಣ ಕಂಡ್ರೆ ಸಾಕು, ಭದ್ರಾವತಿಯೋರ ಕೈ ಕೆರಿಯತ್ತೆ. ಪಿನ್ನು ಹಾಕಿ ಬಿಚ್ಚಿ ನೋಡಿದಾಳೆ.”

“ನಾನು ಬಿಚ್ಚಿಲ್ಲ ಮಾವ.”

“ನೀನು ಬಿಚ್ಚದೆ ಅದಕ್ಕೇನು ಚಳಿಜ್ವರ ಬಂತಾ?”

ಈ ಸಲ ಎಲ್ಲರೂ ಅಕ್ಕನನ್ನು ನೋಡಿ ನಕ್ಕರು. ಮಾವನಿಗೆ ಆ ನಗು ಹಿತವಾಯಿತು. ಅವಳಪ್ಪ ಕಾರ್ಖಾನೆಯಲ್ಲಿ ಏನು ಬಿಚ್ಚುತ್ತಾನೋ ಮಗಳು ಮನೆಯಲ್ಲಿ ಅದನ್ನೇ ಬಿಚ್ಚುತ್ತಾಳೆ ಎಂದರು. ಮಸಿ ಮೆತ್ತಿಕೊಂಡು ಬಂದವರನ್ನು ಒಳಗೆ ಸೇರಿಸಿದ್ದು ತಮ್ಮ ತಪ್ಪು ಎಂದರು. ಕೊನೆಗೆ, “ಓದಿದ್ದು ಸಾಕು. ಬೆಳಿಗ್ಗೆ ಗಾಡಿಗೆ ಊರಿಗೆ ಹೋಗು” ಎಂದರು. ಅಕ್ಕ ಅಳಲಿಲ್ಲ. ಸಿಟ್ಟು ಬಂದಾಗ ಅವಳ ಮೂಗಿನ ತುದಿ ಬೆಳ್ಳಗಾಗುತ್ತಿತ್ತು. ಅವತ್ತು ಬೆಳ್ಳಗಾದದ್ದು ಮರುದಿನ ಭದ್ರಾವತಿ ಸ್ಟೇಷನ್ನಿನಲ್ಲಿ ಇಳಿದ ಮೇಲೂ ಹಾಗೇ ಇತ್ತು.

ಮಂಡಿಯ ಗುಮಾಸ್ತರು ನಮ್ಮಿಬ್ಬರನ್ನು ಗಾಡಿ ಹತ್ತಿಸಿದರು. ಅಕ್ಕನ ಪುಸ್ತಕದ ಗಂಟು ನನ್ನ ತೊಡೆಯ ಮೇಲಿತ್ತು. ದಾರಿಯಲ್ಲಿ ಅಕ್ಕ ಹೇಳಿದ್ದು ಇಷ್ಟು. ರೈಲಿಗೆ ಏನೂ ಆಗಿಲ್ಲ. ನಡುಗಂಬಿಯ ಮೇಲೆ ಎಣ್ಣೆ, ಅರಿಸಿನ, ಕುಂಕುಮ ಒಣಗಿ ಹೊದಿಕೆಯ ಹಾಗೆ ಕೂತಿದೆ. ಕರೆಂಟು ಅದನ್ನು ದಾಟಿ ಎಂಜಿನ್ನಿನ ನಾಲಿಗೆಗೆ ಮುಟ್ಟುತ್ತಿಲ್ಲ. ಮಾವನ ಮನೆಯಲ್ಲಿ ಯಾರೂ ಅದನ್ನು ಒರೆಸುವುದಿಲ್ಲ. ಹಾಗಾಗಿ ಅದು ಓಡುವುದಿಲ್ಲ.

ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡರು. ಕಾರ್ಖಾನೆಯಲ್ಲೂ ಹಿಂದಿನ ದಿನ ಆಯುಧಪೂಜೆ ಆಗಿತ್ತು. ಅವರ ಅಂಗಿಯ ಮೇಲೆ ಇನ್ನೂ ಬೂದುಗುಂಬಳಕಾಯಿಯ ಬೀಜ ಅಂಟಿತ್ತು. ತಮ್ಮಲ್ಲಿ ಕುಂಕುಮಕ್ಕೆ ಜಾಗ ಗೊತ್ತಿದೆ ಎಂದರು. ಯಂತ್ರದ ಮುಚ್ಚಳಕ್ಕೆ ಎಷ್ಟು ಬೇಕಾದರೂ ಇಡಬಹುದು. ಕರೆಂಟು ಮುಟ್ಟುವ ಕಡೆ ಇಡುವಂತಿಲ್ಲ. ಇಟ್ಟರೆ ಪೂಜೆ ಮಾಡಿದವರೇ ಬಂದು ಒರೆಸಬೇಕು.

“ನಿಮ್ಮ ಮಾವನಿಗೆ ಒಂದು ಕಾರ್ಡು ಬರೀಲಾ? ಒರೆಸಿದ್ರೆ ಓಡತ್ತೆ ಅಂತ?” ಎಂದು ಅಪ್ಪ ಅಕ್ಕನನ್ನು ಕೇಳಿದರು.

“ಬೇಡಪ್ಪ. ನಾನು ಬಿಚ್ಚಿಲ್ಲ ಅಂತ ಅವರ ಬಾಯಲ್ಲೇ ಬರ್ಬೇಕು. ನಕ್ಕೋರ ಮುಂದೇನೇ ಬರ್ಬೇಕು. ಅಲ್ಲೀವರೆಗೂ ಹೇಳಬೇಡಿ.”

ಅಪ್ಪ ಅಮ್ಮನ ಕಡೆ ನೋಡಿದರು. ಅಣ್ಣನ ವಿಷಯವಾದ್ದರಿಂದ ತೀರ್ಮಾನ ಅಮ್ಮನದು. ಅಮ್ಮ ಒಲೆಯ ಮುಂದೆ ಕೂತು, ಮಾವನ ಮಂಡಿಯ ಬೆಲ್ಲದ ಅಚ್ಚನ್ನು ಕುಟ್ಟುತ್ತಿದ್ದರು. ಕುಟ್ಟುವುದನ್ನು ನಿಲ್ಲಿಸಿ, ಉಳಿದ ಅಚ್ಚನ್ನು ಡಬ್ಬಿಗೆ ಹಾಕಿ ಮುಚ್ಚಿದರು. “ನಾನೂ ಹೇಳಲ್ಲ” ಎಂದರು. ಅಕ್ಕ ಅವತ್ತಿನಿಂದ ಬೆಲ್ಲ ತಿನ್ನುವುದನ್ನು ಬಿಟ್ಟಳು.

ಶಾಲೆ ರಜೆ ಮುಗಿದು ಶುರುವಾಯಿತು. ಅಕ್ಕ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಶಿವಮೊಗ್ಗದ ಗಾಡಿಯ ಸಿಳ್ಳೆ ಕೇಳಿಸಿದಾಗ ಮಾಡುತ್ತಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಗಾಡಿ ಹೋದ ಮೇಲೆ ಮತ್ತೆ ಕೆಲಸಕ್ಕೆ ಕೈ ಹಾಕುತ್ತಿದ್ದಳು. ನನ್ನ ಚಡ್ಡಿಯ ಗುಂಡಿಯನ್ನು ಆ ದಿನಗಳಲ್ಲಿ ಎಷ್ಟು ಬಿಗಿಯಾಗಿ ಹಾಕುತ್ತಿದ್ದಳೆಂದರೆ ನನಗೆ ಉಸಿರು ಕಟ್ಟುತ್ತಿತ್ತು. ನನಗೂ ಮಾವನ ಮೇಲೆ ಹಲ್ಲು ಮಸೆಯುವಷ್ಟು ಸಿಟ್ಟು ಹುಟ್ಟಿತ್ತು. ಬೀದಿಯಲ್ಲಿ ಬಿದ್ದ ಕಲ್ಲಿಗೆ ಮಾವನ ಹೆಸರಿಟ್ಟು ಒದ್ದುಕೊಂಡು ಹೋಗುತ್ತಿದ್ದೆ.

ಅಷ್ಟರಲ್ಲಿ ಶಿವಮೊಗ್ಗದಲ್ಲಿ ನಡೆದದ್ದು ಮಂಡಿಯ ಗುಮಾಸ್ತರ ಬಾಯಿಂದ ತಿಳಿಯಿತು. ಮಾವ ರೈಲನ್ನು ವಾಪಸು ತೆಗೆದುಕೊಳ್ಳಿ ಎಂದು ಸಾಹೇಬರ ಅಂಗಡಿಗೆ ಹೋದರು. ಸಾಹೇಬರು ಒಪ್ಪಲಿಲ್ಲ. ಮನೆಯ ಹುಡುಗಿ ಬಿಚ್ಚಿ ಕೆಡಿಸಿದಳೆಂದು ಮಾವನೇ ಹಬ್ಬದ ದಿನ ಹತ್ತು ಜನರ ಮುಂದೆ ಹೇಳಿದ್ದರು. ಆ ಹತ್ತು ಜನ ಪೇಟೆಯಲ್ಲೆಲ್ಲ ಹೇಳಿದ್ದರು. ಬಿಚ್ಚಿದ ಮಾಲನ್ನು ಯಾವ ಅಂಗಡಿ ವಾಪಸು ತೆಗೆದುಕೊಳ್ಳುತ್ತದೆ? ಮಾವನಿಗೆ ತಾವು ಆಡಿದ ಮಾತೇ ಅಡ್ಡ ಬಂತು. ಮಾಲು ಮೊದಲಿನಿಂದಲೂ ಕೆಟ್ಟದ್ದೇ ಎಂದು ಈಗ ಸಾಧಿಸಬೇಕಿತ್ತು. ಅದಕ್ಕೆ ಹುಡುಗಿ ಬಂದು, ಬಿಚ್ಚಿಲ್ಲ ಎಂದು ಅಂಗಡಿಯಲ್ಲಿ ಹೇಳಬೇಕು, ಭಾನುವಾರ ಕರೆದುಕೊಂಡು ಬರಬೇಕು ಎಂದು ಹೇಳಿ ಕಳಿಸಿದ್ದರು.

ಅಪ್ಪ ಗುಮಾಸ್ತರಿಗೆ ಕಾಫಿ ಕೊಡಿಸಿ, ಬರುತ್ತೇವೆ ಎಂದು ಹೇಳಿ ಎಂದರು. ಅಕ್ಕನ ಮೂಗಿನ ತುದಿಯನ್ನು ನೋಡಿದೆ. ಬಣ್ಣ ಬಂದಿತ್ತು.

ಆ ಭಾನುವಾರ ಅಪ್ಪ, ಅಕ್ಕ, ನಾನು ಬೆಳಗಿನ ಗಾಡಿಗೆ ಹೋದೆವು. ಅಕ್ಕ ಅಮ್ಮನ ಕೈಲಿ ಎರಡು ಜಡೆ ಹಾಕಿಸಿಕೊಂಡು, ಒಂದು ಪಿನ್ನೂ ಇಲ್ಲದೆ ದಾರದಲ್ಲಿ ಕಟ್ಟಿಸಿಕೊಂಡಿದ್ದಳು. ಸಾಹೇಬರ ಅಂಗಡಿಯಲ್ಲಿ ರಬ್ಬರಿನ, ಹೊಸ ಬಣ್ಣದ, ಅತ್ತರಿನ ವಾಸನೆ ಬೆರೆತಿತ್ತು. ಚಾವಣಿಯಿಂದ ಸೈಕಲ್ ಟೈರುಗಳು ಜೋತಾಡುತ್ತಿದ್ದವು. ನಡುವೆ ಮೇಜಿನ ಮೇಲೆ ರೈಲನ್ನು ಸುತ್ತಾಗಿ ಜೋಡಿಸಿಟ್ಟಿತ್ತು. ಕುಂಕುಮ ಹಾಗೆಯೇ ಇತ್ತು, ಕಂದಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮಾವ ಮಗನನ್ನು ಕರೆತಂದಿದ್ದರು. ಪೂಜೆಯ ದಿನ ನಕ್ಕವರಲ್ಲಿ ನಾಲ್ಕೈದು ಮಂದಿ, ಏನಾಗುತ್ತದೋ ನೋಡೋಣವೆಂದು ಬಂದು ಬಾಗಿಲಲ್ಲಿ ನಿಂತಿದ್ದರು.

ಸಾಹೇಬರು ಗಡ್ಡ ನೀವಿಕೊಂಡು ಮಾವನಿಗೆ ಕುರ್ಚಿ ಹಾಕಿಸಿದರು. ಆಮೇಲೆ ಕೇಳಿದರು. “ಮೊದಲು ಒಂದು ಮಾತು ಸಾಫ್ ಆಗ್ಲಿ ಯಜಮಾನ್ರೇ. ಈ ಹುಡುಗಿ ಇದನ್ನ ಬಿಚ್ಚಿದ್ಲಾ, ಇಲ್ವಾ?”

ಮಾವ ಅಕ್ಕನ ಕಡೆ ಕೈ ತೋರಿಸಿ, ಅವಳನ್ನೇ ಕೇಳಿ ಎಂದರು. ಅಕ್ಕ ಬಾಯಿ ಬಿಡಲಿಲ್ಲ. ಅಪ್ಪ ಟೈರುಗಳನ್ನು ನೋಡುತ್ತಿದ್ದರು. ಸಾಹೇಬರು, ಬಿಚ್ಚಿದಳು ಎಂದವರು ನೀವು, ಹಾಗಾಗಿ ನೀವೇ ಹೇಳಬೇಕು ಎಂದರು. ಮಾವ ಮೇಲುವಸ್ತ್ರ ಸರಿಮಾಡಿಕೊಂಡು, ಗಂಟಲಲ್ಲೇ “ಇಲ್ಲ” ಎಂದರು.

“ಬಾಗಿಲಲ್ಲಿ ನಿಂತಿರೋರಿಗೆ ಕೇಳಿಸ್ಲಿಲ್ಲ ಮಾವ” ಎಂದಳು ಅಕ್ಕ.

ಮಾವನ ಕಿವಿ ಕೆಂಪಾಯಿತು. “ಇಲ್ಲ ಅಂದೆನಲ್ಲ. ಅವಳು ಬಿಚ್ಚಿಲ್ಲ. ಮಾಲೇ ಡಬ್ಬಾ ಮಾಲು. ತಂದ ದಿನದಿಂದ್ಲೂ ಡಬ್ಬಾ ಮಾಲು” ಎಂದು ಬೀದಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು.

ಅಕ್ಕ ಬಂದದ್ದು ಆ ಮಾತಿಗೆ. ಅದು ಸಿಕ್ಕಿತು. ಅಲ್ಲಿಗೇ ಮುಗಿಸಿ ಬರಬಹುದಾಗಿತ್ತು ಎಂದು ಅಮ್ಮ ಆಮೇಲೆ ಹೇಳಿದ್ದುಂಟು. ಅಕ್ಕ ಮುಗಿಸಲಿಲ್ಲ.

ಮಾಲು ಕೆಟ್ಟದ್ದೆಂದು ಬರಿಯ ಬಾಯಿಮಾತಿನಲ್ಲಿ ಒಪ್ಪಲು ಸಾಹೇಬರಿಗೆ ಮನಸ್ಸಿರಲಿಲ್ಲ. ಪರೀಕ್ಷೆಯಾಗಲಿ, ಓಡದಿದ್ದರೆ ದುಡ್ಡು ವಾಪಸು ಎಂದರು. ಆದರೆ ತಾವು ಕೈ ಚಾಚಿ, ಕುಂಕುಮವನ್ನು ನೋಡಿ, ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಇನ್ನೊಬ್ಬರು ಪೂಜೆ ಮಾಡಿದ್ದನ್ನು ತಾವು ಮುಟ್ಟಿ ಅಳಿಸಿದರೆ ತಪ್ಪಾದೀತು ಎಂಬುದು ಅವರ ಮರ್ಯಾದೆ. ಅವರು ಮುಟ್ಟಲಿಲ್ಲ, ಮಾವ ಒರೆಸಲಿಲ್ಲ. ಇಬ್ಬರ ಭಕ್ತಿಯ ನಡುವೆ ಆ ಕುಂಕುಮ ಸುರಕ್ಷಿತವಾಗಿತ್ತು. “ನೀನೇ ನೋಡು ಬೇಟಿ, ನಿಂಗೆ ಕಲಿಸಿದ್ದೆನಲ್ಲ. ಇದ್ದದ್ದು ಇದ್ದಂಗೆ ಹೇಳು” ಎಂದರು.

ಅಕ್ಕ ಇದ್ದದ್ದನ್ನೇ ಹೇಳಿದಳು. ಅವಳ ಪಕ್ಕದಲ್ಲೇ ನಿಂತಿದ್ದೆ, ಒಂದು ಸುಳ್ಳನ್ನೂ ಕೇಳಲಿಲ್ಲ. ಎಂಜಿನ್ನನ್ನು ಅಂಗೈಯಲ್ಲಿ ಮಗುಚಿದಳು. ಚಕ್ರ ಓಲಾಡುವುದಿಲ್ಲ ಎಂದಳು. ಓಲಾಡುತ್ತದೆ ಎಂದರು ಮಾವ. ಕಂಬಿಯ ನೇರ ತುಂಡೊಂದನ್ನು ಬಾಗಿಲ ಬೆಳಕಿಗೆ ಹಿಡಿದು, ನೆಟ್ಟಗಿದೆ ಎಂದಳು. ಡೊಂಕು ಎಂದರು ಮಾವ. ಕೂಡಿಸಿದ ತುಂಡು ಕಳಚಲಿಲ್ಲ. ಬಿಗಿ ಸಾಲದು ಎಂದರು ಮಾವ. ತಗಡು ಕಾಗದದಷ್ಟು ತೆಳು ಎಂದರು, ಬಣ್ಣ ಕಳಪೆ ಎಂದರು, ಇದಕ್ಕಿಂತ ತಮ್ಮ ಮಂಡಿಯ ಬೆಲ್ಲದ ಡಬ್ಬಿ ಗಟ್ಟಿ ಎಂದರು. ಅಕ್ಕ ಒಂದೊಂದನ್ನೂ ಪೂರ್ತಿ ಹೇಳಲು ಬಿಟ್ಟಳು. ಮಾವ ಸುಮ್ಮನಾದಾಗ, ಬಣ್ಣದ ವಿಷಯ ಮುಗಿಯಿತಾ ಮಾವ ಎಂದು ಕೇಳಿ ಇನ್ನೂ ಎರಡು ಮಾತು ಹೊರಡಿಸಿದಳು. ಬಾಗಿಲಲ್ಲಿದ್ದವರು ಎಲ್ಲ ಕೇಳಿಸಿಕೊಂಡರು.

ಕೊನೆಗೆ ಹಿಡಿಕೆ ತಿರುಗಿಸಿದಳು. ಪೆಟ್ಟಿಗೆ ಗುಂಯ್‌ಗುಟ್ಟಿತು. ರೈಲು ಕದಲಲಿಲ್ಲ.

“ಓಡ್ತಾ ಇಲ್ಲ ಸಾಹೇಬ್ರೇ” ಎಂದಳು.

ಸಾಹೇಬರ ಮುಖ ಸಣ್ಣಗಾಯಿತು. ಅವರು ಮಾತಿಗೆ ತಪ್ಪುವವರಲ್ಲ. ದುಡ್ಡು ವಾಪಸು ಕೊಟ್ಟರು. ಮಾವ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನು ಮೇಲೆ ಅಂಗಡಿಯಲ್ಲಿ ಒಳ್ಳೆಯ ಮಾಲು ಇಡಿ ಎಂದು ಬುದ್ಧಿ ಹೇಳಿ, ಮಗನ ಕೈ ಹಿಡಿದು ಹೊರಟರು. ಹೊಸ್ತಿಲ ಹತ್ತಿರ ಹೋಗಿದ್ದರು.

“ಸಾಹೇಬ್ರೇ, ಇದು ಈಗ ಯಾರದು?” ಎಂದಳು ಅಕ್ಕ.

“ನಂದೇ ಬೇಟಿ. ನಮ್ಮ ನಸೀಬು.”

“ಹಂಗಾದ್ರೆ ಒರೆಸ್ಲಾ?”

ಸಾಹೇಬರು ಕುಂಕುಮದ ಕಡೆ ನೋಡಿ, ಮಾವನ ಬೆನ್ನಿನ ಕಡೆ ನೋಡಿ, ಅನುಮಾನಿಸಿದರು. ಅಕ್ಕ ಹೇಳಿದಳು. “ಎಂಜಿನ್ ನೆತ್ತಿ ಮೇಲಿರೋದು ದೇವರದು, ಅದು ಅಲ್ಲೇ ಇರಲಿ. ಕಂಬಿ ಮೇಲಿರೋದು ಮಾವಂದು.”

ಅಪ್ಪ ಟೈರುಗಳಿಂದ ಕಣ್ಣು ತೆಗೆದರು. ಈಗ ಜೇಬಿಗೆ ಕೈ ಹಾಕಿ, ಕಾರ್ಖಾನೆಯಲ್ಲಿ ಯಂತ್ರ ಒರೆಸುವ ಹತ್ತಿನೂಲಿನ ಉಂಡೆಯೊಂದನ್ನು ತೆಗೆದುಕೊಟ್ಟರು. ಮನೆಯಿಂದಲೇ ತಂದಿದ್ದರು. ಅಕ್ಕ ನಡುಗಂಬಿಯನ್ನು ಸುತ್ತಲೂ ಒತ್ತಿ ಉಜ್ಜಿದಳು. ನೂಲು ಕೆಂಪಾಯಿತು, ಕಂಬಿ ಬೆಳ್ಳಗಾಯಿತು. ಚಕ್ರಗಳನ್ನು, ಹೊಟ್ಟೆಯ ಕೆಳಗಿನ ನಾಲಿಗೆಯನ್ನು ಉಜ್ಜಿದಳು. ಹೊಸ್ತಿಲಲ್ಲಿ ಮಾವ ತಿರುಗಿ ನಿಂತಿದ್ದರು.

ಅವಳು ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಎಂಜಿನ್ನು ಮುಲುಗಿತು. ಹೊರಟಿತು. ಅಷ್ಟು ನಿಧಾನವಾಗಿ ಅದು ಹಿಂದೆಂದೂ ಓಡಿದ್ದನ್ನು ನಾನು ನೋಡಿರಲಿಲ್ಲ. ಜೋರಾಗಿ ಬಿಟ್ಟಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಅಕ್ಕ ಬಿಡಲಿಲ್ಲ. ಮಾವ ಡೊಂಕು ಎಂದಿದ್ದ ತುಂಡಿನ ಮೇಲೆ ಅದು ತೆವಳಿಕೊಂಡು ಹೋಯಿತು. ಬಿಗಿಯಿಲ್ಲ ಎಂದಿದ್ದ ಕೂಡಿಕೆಯನ್ನು ದಾಟಿತು. ಓಲಾಡುತ್ತದೆ ಎಂದಿದ್ದ ಚಕ್ರ ಒಂದೊಂದೇ ಕಡ್ಡಿಯಾಗಿ ತಿರುಗಿತು. ಅಕ್ಕ ರೈಲನ್ನು ನೋಡುತ್ತಿರಲಿಲ್ಲ, ಮಾವನ ಮುಖ ನೋಡುತ್ತಿದ್ದಳು. ನಾನೂ ಅದನ್ನೇ ನೋಡಿದೆ. ಸುತ್ತು ಮುಗಿಯುವವರೆಗೂ ಮಾವನಿಗೆ ಹೋಗಲೂ ಆಗಲಿಲ್ಲ, ಬರಲೂ ಆಗಲಿಲ್ಲ. ಬಾಗಿಲಲ್ಲಿದ್ದವರಲ್ಲಿ ಒಬ್ಬರು, “ಚಳಿಜ್ವರ ಬಿಡ್ತು ಅಂತ ಕಾಣತ್ತೆ” ಎಂದರು. ಪೂಜೆಯ ದಿನ ನ್ಯಾಯವಾಗಿ ಮಾವನ ಪಾಲಿಗೆ ಬರಬೇಕಿದ್ದ ನಗು ಆಗ ಎದ್ದಿತು.

ಮಾವನ ಮಗ ಕೈ ಬಿಡಿಸಿಕೊಂಡು ಮೇಜಿಗೆ ಓಡಿಬಂದು, ನಮ್ಮ ರೈಲು ಓಡುತ್ತಿದೆ ಎಂದು ಚಪ್ಪಾಳೆ ಹೊಡೆದ.

ಮಾವ ವಾಪಸು ಬಂದು ಸೊಂಟದ ದುಡ್ಡನ್ನು ಮೇಜಿನ ಮೇಲಿಟ್ಟರು. ಹಾಗಾದರೆ ತಾವೇ ತೆಗೆದುಕೊಂಡು ಹೋಗುವುದಾಗಿ ಹೇಳಿದರು. ಸಾಹೇಬರು ಆ ದುಡ್ಡನ್ನು ಎರಡು ಬೆರಳಿನಿಂದ ಅವರ ಕಡೆಗೆ ಮೆಲ್ಲಗೆ ಸರಿಸಿದರು.

“ಡಬ್ಬಾ ಮಾಲು ಅಂದ್ರಲ್ಲ ಯಜಮಾನ್ರೇ. ತಾವು ದೊಡ್ಡೋರು. ತಮಗೆ ಡಬ್ಬಾ ಮಾಲು ಕೊಟ್ರೆ ಅಲ್ಲಾ ಮೆಚ್ತಾನಾ?”

ಹುಡುಗನನ್ನು ಮಾವ ಎತ್ತಿಕೊಂಡು ಹೋಗಬೇಕಾಯಿತು. ಅವನ ಅಳು ಬೀದಿಯ ತಿರುವಿನವರೆಗೆ ಕೇಳಿಸಿತು. ಅಕ್ಕ ಅದನ್ನು ಕೇಳಿಸಿಕೊಂಡು ಹಿಡಿಕೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಳು. ರೈಲು ನಿಂತಿತು. ಅವನೇನು ತಪ್ಪು ಮಾಡಿದ್ದ ಎಂದು ಅವತ್ತು ನನಗೆ ಅನ್ನಿಸಲಿಲ್ಲ. ನಾನು ಮಾವನ ಮುಖವನ್ನೇ ನೆನೆದುಕೊಂಡು ಸ್ಟೇಷನ್ನಿನವರೆಗೆ ಕುಣಿದುಕೊಂಡು ಹೋದೆ.

ಸ್ಟೇಷನ್ನಿನಲ್ಲಿ ಅಪ್ಪ ಟಿಕೆಟ್ ಕೊಡುವ ಕಿಂಡಿಯಲ್ಲಿ, ದಿನಾ ಓಡಾಡುವ ವಿದ್ಯಾರ್ಥಿಗಳಿಗೆ ತಿಂಗಳ ಪಾಸು ಸಿಗುತ್ತದೆಯೇ ಎಂದು ವಿಚಾರಿಸಿದರು. ಮರುದಿನದಿಂದ ಅಕ್ಕ ಭದ್ರಾವತಿಯಿಂದಲೇ ಶಾಲೆಗೆ ಹೋಗತೊಡಗಿದಳು. ಹೆಣ್ಣುಮಗುವನ್ನು ಒಂಟಿಯಾಗಿ ಗಾಡಿಗೆ ಹತ್ತಿಸುತ್ತಾರೆ ಎಂದು ಅತ್ತೆ ಬೇರೆಯವರ ಹತ್ತಿರ ಹೇಳಿದರಂತೆ.

ಸಾಹೇಬರು ರೈಲನ್ನು ಮಾರಲಿಲ್ಲ. ಅಂಗಡಿಯ ಮುಂದಿನ ಗಾಜಿನ ಹಿಂದೆ ಜೋಡಿಸಿ, ಸಂಜೆ ದೀಪ ಹಾಕಿದಾಗ ಓಡಿಸಲು ಶುರುಮಾಡಿದರು. ಸ್ಟೇಷನ್ನಿಗೆ ಹೋಗುವಾಗ ಅಕ್ಕ ದಿನವೂ ಅಲ್ಲಿ ಒಂದು ಸುತ್ತು ನೋಡಿ ಹೋಗುತ್ತಿದ್ದಳು. ಮಾವನ ಮಗನೂ ಎಷ್ಟೋ ಸಂಜೆ ಆ ಗಾಜಿಗೆ ಮೂಗು ಒತ್ತಿಕೊಂಡು ನಿಂತಿರುತ್ತಿದ್ದನಂತೆ. ಅಕ್ಕ, ಅವನು ಅಕ್ಕಪಕ್ಕ ನಿಂತು ನೋಡುತ್ತಿದ್ದರು. ಮಾತಿರಲಿಲ್ಲ. ಮಾವನ ಮನೆಯಿಂದ ಮಂಡಿಗೆ ನೇರ ದಾರಿ ಆ ಅಂಗಡಿಯ ಮುಂದೆಯೇ ಹಾದುಹೋಗುತ್ತಿತ್ತು. ಮಾವ ಹಿಂದಿನ ಗಲ್ಲಿ ಸುತ್ತಿಕೊಂಡು ಹೋಗತೊಡಗಿದರು. ಮಂಡಿಯ ವ್ಯಾಪಾರ ಬಿಡುವವರೆಗೂ ಹಾಗೇ ಹೋದರು. ಗುಮಾಸ್ತರು ಬಂದಾಗಲೆಲ್ಲ ಅಕ್ಕ ಮೊದಲು ಕೇಳುತ್ತಿದ್ದದ್ದು ಅದನ್ನೇ. ಈಗಲೂ ಗಲ್ಲಿಯಲ್ಲೇ ಹೋಗುತ್ತಾರಾ? ಹೌದು ಎಂದರೆ ಅವರಿಗೆ ಕಾಫಿ ತಾನೇ ತಂದುಕೊಡುತ್ತಿದ್ದಳು.

ಯುದ್ಧ ಬಂತು. ಬೊಂಬಾಯಿಯಿಂದ ಅಂಥ ಮಾಲು ಬರುವುದು ನಿಂತಿತು. ಕಪ್ಪು ಪೆಟ್ಟಿಗೆ ಯಾವಾಗಲೋ ಸುಟ್ಟುಹೋಯಿತು. ಅಕ್ಕ ಓದಿ ಮುಗಿಸಿ ಶಿವಮೊಗ್ಗದಲ್ಲೇ ಶಾಲೆಯ ಮೇಡಂ ಆದಳು. ಸಾಹೇಬರು ತೀರಿಕೊಂಡ ಮೇಲೆ ಅವರ ಮಗ ಒಂದು ದಿನ ಆ ಹಸಿರು ಎಂಜಿನ್ನನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತಂದು ಅಕ್ಕನ ಮನೆಯಲ್ಲಿ ಕೊಟ್ಟುಹೋದರು. ಅಬ್ಬಾಜಾನ್ ಹೇಳಿದ್ದರು ಎಂದಷ್ಟೇ ಹೇಳಿದರಂತೆ.

ನಿಮ್ಮ ರೈಲು ಬ್ಯಾಟರಿಯದು. ನಡುಮನೆಯ ತುಂಬ ಕಂಬಿ ಹರಡುತ್ತೀರಿ, ನನ್ನ ಕಾಲಿಗೂ ಚುಚ್ಚುತ್ತದೆ. ಪೆಟ್ಟಿಗೆ ಬಿಚ್ಚಿದ ಗಳಿಗೆಯಿಂದ ಅದು ಜೋರಾಗಿ ಓಡುತ್ತದೆ, ನಿಧಾನಕ್ಕೆ ಓಡಿಸುವ ಹಿಡಿಕೆಯೇ ಅದಕ್ಕಿಲ್ಲ. ನಿಂತರೆ ಬ್ಯಾಟರಿ ಬದಲಾಯಿಸುತ್ತೀರಿ. ಆಗಲೂ ಓಡದಿದ್ದರೆ ಮಂಚದ ಕೆಳಗೆ ತಳ್ಳಿ ಬೇರೆ ಆಟ ಶುರುಮಾಡುತ್ತೀರಿ. ಯಾರನ್ನೂ ಮನೆಯಿಂದ ಕಳಿಸುವುದಿಲ್ಲ. ನಿಮ್ಮಲ್ಲಿ ಅದನ್ನು ಬಿಚ್ಚಿದ್ದು ಯಾರು ಎಂದು ನಾನು ಕೇಳಿದರೆ ಇಬ್ಬರೂ ಹೆಮ್ಮೆಯಿಂದ ಕೈ ಎತ್ತುತ್ತೀರಿ.

ಅಕ್ಕನ ಮನೆ ಈಗ ವಿದ್ಯಾನಗರದಲ್ಲಿದೆ. ಆ ಮನೆಯಲ್ಲಿ ಪಾಯಸಕ್ಕೆ ಇವತ್ತಿಗೂ ಸಕ್ಕರೆ. ಎಂಜಿನ್ನು ಗಾಜಿನ ಬೀರುವಿನ ಮೇಲಿನ ಅರೆಯಲ್ಲಿದೆ. ಕಳೆದ ಆಯುಧಪೂಜೆಯ ದಿನ ನಾನು ಅಲ್ಲಿಗೆ ಹೋಗಿದ್ದೆ. ಅಕ್ಕ ಅದನ್ನು ಕೆಳಗಿಳಿಸಿ, ಒಣಬಟ್ಟೆಯಲ್ಲಿ ಒರೆಸಿ, ನೆತ್ತಿಗೆ ಕುಂಕುಮ ಇಟ್ಟಳು. ಚಕ್ರಕ್ಕೆ ಇಡಲಿಲ್ಲ.